ಕಡಿಮೆ ಬಜೆಟ್‌ನಲ್ಲಿ ದಿನಬಳಕೆಗೆ ಒಳ್ಳೆಯ ಹೆಡ್‌ಫೋನ್ ಆರಿಸಿಕೊಳ್ಳುವುದು ಹೇಗೆ?

ಹೆಡ್‌ಫೋನ್ ತಗೋಬೇಕು, ಆದರೆ ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಹುಡುಕುತ್ತಾ ಕೂತರೆ ನೂರಾರು ಮಾಡೆಲ್ ಕಣ್ಣ ಮುಂದೆ ಬರುತ್ತವೆ. ಎಲ್ಲ ಡಬ್ಬಿಯ ಮೇಲೂ ಅದೇ ಮಾತು: ಡೀಪ್ ಬಾಸ್, ಎಚ್‌ಡಿ ಸೌಂಡ್, ದೊಡ್ಡ ಡ್ರೈವರ್ (ಅಂದರೆ ಒಳಗಿನ ಪುಟ್ಟ ಸ್ಪೀಕರ್). ಒಂದು ಗಂಟೆ ನೋಡುವಷ್ಟರಲ್ಲಿ ತಲೆ ಗಿರ್ರೆನ್ನುತ್ತದೆ, ಕೊನೆಗೆ ಯಾವುದಕ್ಕೆ ಜಾಸ್ತಿ ಸ್ಟಾರ್ ಇದೆಯೋ ಅದನ್ನೇ ತರಿಸಿಬಿಡುತ್ತೇವೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಬಂದದ್ದು ದೊಡ್ಡದಾದ, ಭಾರವಾದ ಜೋಡಿ. ಬಾಸ್ ಎಷ್ಟಿತ್ತೆಂದರೆ ಹಾಡುವವರ ದನಿ ಕಂಬಳಿಯೊಳಗಿಂದ ಕೇಳಿದ ಹಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು: ಅರ್ಧ ಗಂಟೆ ಹಾಕಿಕೊಂಡರೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತಿ ನೋಯುತ್ತಿತ್ತು. ಎರಡೇ ವಾರ, ಆಮೇಲೆ ಅದನ್ನು ಮುಟ್ಟಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಸಾಕಷ್ಟು ಜೋಡಿಗಳನ್ನು ಬಳಸಿ, ಬೇರೆಯವರಿಗೆ ಆರಿಸಿಕೊಟ್ಟು, ಅಳತೆಯ ಗ್ರಾಫ್‌ಗಳನ್ನು ಓದಲು ಕಲಿತು ನನಗೆ ಗಟ್ಟಿಯಾದ ಒಂದು ವಿಷಯವಿದೆ. ಕಡಿಮೆ ದುಡ್ಡಿಗೂ ನಿಜವಾಗಿ ಚೆನ್ನಾಗಿರುವ ಸೌಂಡ್ ಸಿಗುತ್ತದೆ. ಆದರೆ ಅದು ನಿಮ್ಮ ಕಿವಿಗೆ ಸರಿಯಾಗಿ ಕೂರಬೇಕು, ನೀವು ಕೇಳುವ ಜಾಗಕ್ಕೆ ಹೊಂದಬೇಕು.

ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಅವರು ನೋಡಿದ್ದು ಫ್ರೀಕ್ವೆನ್ಸಿ ರೆಸ್ಪಾನ್ಸ್, ಅಂದರೆ ತಗ್ಗಿನ ಸ್ವರದಿಂದ ಏರಿದ ಸ್ವರದವರೆಗೆ ಯಾವುದನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಲೆಕ್ಕ. ಒಂದು ಹೆಡ್‌ಫೋನಿನ ದನಿ ಹೇಗಿದೆ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ. ಇದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹಾಗಾದರೆ ಜಾಸ್ತಿ ದುಡ್ಡು ಕೊಟ್ಟರೆ ಏನು ಸಿಗುತ್ತದೆ? ಗಟ್ಟಿಯಾದ ಕಟ್ಟು, ಮೆತ್ತನೆ ಪ್ಯಾಡ್, ಒಳ್ಳೆಯ ಮೈಕ್, ಹೊರಗಿನ ಗದ್ದಲ ತಗ್ಗಿಸುವ ಎಎನ್‌ಸಿ, ಆ್ಯಪ್. ಇವು ಬೇಡದವು ಅಂತಲ್ಲ. ಆದರೆ ಬಜೆಟ್ ಸಣ್ಣದಿದ್ದಾಗ ಎಲ್ಲವನ್ನೂ ಒಂದೇ ಜೋಡಿಯಲ್ಲಿ ಕೇಳಿದರೆ ಒಂದೂ ಸರಿಯಾಗಿ ಸಿಗುವುದಿಲ್ಲ.

ಹಂತ 1: ಮೊದಲು ನಿಮ್ಮ ದಿನವನ್ನು ನೋಡಿ

ಮಾಡೆಲ್ ಹುಡುಕುವ ಮೊದಲು ಎರಡು ಮೂರು ದಿನ ಒಂದು ಕೆಲಸ ಮಾಡಿ. ಕಿವಿಗೆ ಏನಾದರೂ ಹಾಕಿಕೊಂಡಾಗಲೆಲ್ಲ ಫೋನಿನಲ್ಲಿ ಒಂದು ಸಾಲು ಬರೆದಿಡಿ: ಎಲ್ಲಿದ್ದೆ, ಎಷ್ಟು ಹೊತ್ತು, ಏನು ಕೇಳಿದೆ. ನಾವು ಅಂದುಕೊಂಡಿರುವುದಕ್ಕೂ ನಿಜಕ್ಕೂ ಎಷ್ಟು ವ್ಯತ್ಯಾಸ ಇರುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ನನ್ನ ಗೆಳೆಯರೊಬ್ಬರು ಹಾಡು ಕೇಳಲು ಒಳ್ಳೆಯ ಹೆಡ್‌ಫೋನ್ ಬೇಕು ಅಂದಿದ್ದರು, ಬರೆದು ನೋಡಿದರೆ ಅವರ ಬಳಕೆಯಲ್ಲಿ ಮುಕ್ಕಾಲು ಪಾಲು ಬಸ್ಸಿನಲ್ಲಿ ಕೇಳುವ ಪಾಡ್‌ಕಾಸ್ಟ್ ಮತ್ತು ಆಫೀಸಿನ ಕಾಲ್. ಅವರಿಗೆ ಬೇಕಾದದ್ದೇ ಬೇರೆ.

ಆ ಪಟ್ಟಿ ಕೈಯಲ್ಲಿದ್ದರೆ ಮುಂದಿನ ತೀರ್ಮಾನಗಳು ಸುಲಭ. ಬಸ್ಸು, ರೈಲು, ಗದ್ದಲದ ಆಫೀಸು ಅಂದರೆ ಹೊರಗಿನ ಸದ್ದು ತಡೆಯುವಂಥದ್ದು ಬೇಕು. ಮನೆಯ ಮೂಲೆಯಲ್ಲಿ ಕೂತು ಕೇಳುವವರಾದರೆ ಹಗುರವಾಗಿ, ಗಾಳಿಯಾಡುವಂತೆ ಇರುವುದು ಮುಖ್ಯ. ರಸ್ತೆ ಬದಿ ನಡೆಯುವವರು, ಓಡುವವರು ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಿಸಿಕೊಳ್ಳಲೇಬೇಕು, ಅದಕ್ಕೆ ಕಿವಿ ಪೂರ್ತಿ ಮುಚ್ಚುವ ಜೋಡಿ ಬೇಡ. ಮಲಗಿ ಕೇಳುವ ಅಭ್ಯಾಸ ಇದ್ದರೆ ದೊಡ್ಡ ಹೆಡ್‌ಫೋನ್ ದಿಂಬಿಗೆ ಒತ್ತುತ್ತದೆ. ಎಲ್ಲದಕ್ಕೂ ಒಂದೇ ಜೋಡಿ ಸಿಗಲ್ಲ. ಯಾವ ಜಾಗದಲ್ಲಿ ಜಾಸ್ತಿ ಹೊತ್ತು ಕೇಳುತ್ತೀರೋ ಅದಕ್ಕೆ ತಗೊಳ್ಳಿ, ಉಳಿದದ್ದಕ್ಕೆ ಹೊಂದಿಕೊಳ್ಳಬಹುದು.

ಹಂತ 2: ಯಾವ ಆಕಾರ?

ಕಿವಿಯನ್ನು ಪೂರ್ತಿ ಸುತ್ತುವ ಓವರ್-ಇಯರ್, ಕಿವಿಯ ಮೇಲೆ ಕೂರುವ ಆನ್-ಇಯರ್, ಕಿವಿಯ ತೂತಿನೊಳಗೆ ಹೋಗುವ ಇನ್-ಇಯರ್, ಹೊರಗೇ ಸುಮ್ನೆ ಕೂರುವ ಇಯರ್‌ಬಡ್. ದಿನಬಳಕೆಗೆ ಇವೇ ನಾಲ್ಕು.

ದುಡ್ಡಿಗೆ ಅತಿ ಹೆಚ್ಚು ಸೌಂಡ್ ಸಿಗುವುದು ವೈರ್ ಇರುವ ಇನ್-ಇಯರ್‌ಗಳಲ್ಲಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಚಿಕ್ಕದೊಂದು ಡ್ರೈವರ್, ಚಿಕ್ಕದೊಂದು ಕವಚ, ಒಂದು ವೈರ್, ಇಷ್ಟೇ ಸಾಮಾನು. ಹೆಡ್‌ಬ್ಯಾಂಡ್, ಪ್ಯಾಡ್, ಬ್ಯಾಟರಿ ಯಾವುದರ ಖರ್ಚೂ ಇಲ್ಲ, ಹಾಕಿದ ದುಡ್ಡು ನೇರವಾಗಿ ದನಿಗೆ ಹೋಗುತ್ತದೆ. ಮೂನ್‌ಡ್ರಾಪ್ ಚು, ಸೆವೆನ್ ಹರ್ಟ್ಜ್ ಸಾಲ್ನೋಟ್ಸ್ ಝೀರೋ ತರಹದ ಮಾಡೆಲ್‌ಗಳು ಬಂದ ಮೇಲೆ ಈ ಮಟ್ಟದಲ್ಲಿ ಏನು ನಿರೀಕ್ಷಿಸಬಹುದು ಅನ್ನುವುದೇ ಬದಲಾಯಿತು. ಆದರೆ ಕಿವಿಯೊಳಗೆ ಏನಾದರೂ ತೂರಿಸಿಕೊಳ್ಳುವುದೇ ಕೆಲವರಿಗೆ ಆಗುವುದಿಲ್ಲ, ತುರಿಕೆ ಬರುತ್ತದೆ, ನೋವಾಗುತ್ತದೆ. ನೀವು ಅಂಥವರಾದರೆ ಯಾರು ಎಷ್ಟು ಹೊಗಳಿದರೂ ಅದನ್ನು ಬಿಟ್ಟುಬಿಡಿ.

ಓವರ್-ಇಯರ್‌ನಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ಮುಚ್ಚಿದ್ದಾ, ತೆರೆದದ್ದಾ? ಮುಚ್ಚಿದ ಕಪ್ ಇದ್ದರೆ ಹೊರಗಿನ ಸದ್ದು ಕಡಿಮೆ, ಒಳಗಿನ ಹಾಡು ಪಕ್ಕದವರಿಗೆ ಕೇಳುವುದಿಲ್ಲ. ತೆರೆದ ಕಪ್ ಅಂದರೆ ಹಿಂಬದಿಯಲ್ಲಿ ಜಾಲರಿ ಇರುತ್ತದೆ, ದನಿ ಎರಡೂ ಕಡೆ ಹೋಗುತ್ತದೆ. ಕೋಣೆಯಲ್ಲಿ ಸ್ಪೀಕರ್ ಹಾಕಿದ ಹಾಗೆ ಹಾಡು ತಲೆಯ ಆಚೆ ಹರಡಿಕೊಂಡಂತೆ ಕೇಳಿಸುತ್ತದೆ, ಕಿವಿಯೂ ಬೆವರುವುದಿಲ್ಲ. ಶಾಂತವಾದ ಕೋಣೆ ಇದ್ದವರಿಗೆ ನನ್ನ ಓಟು ಯಾವಾಗಲೂ ತೆರೆದದ್ದಕ್ಕೇ. ಫಿಲಿಪ್ಸ್ ಎಸ್‌ಎಚ್‌ಪಿ 9500 ಈ ಜಾತಿಯದು, ಮುಚ್ಚಿದ ಜಾತಿಯಲ್ಲಿ ಆಡಿಯೋ-ಟೆಕ್ನಿಕಾದ ಎಂ20ಎಕ್ಸ್ ತುಂಬಾ ಜನ ಬಳಸಿ ನೋಡಿರುವ ಮಾಡೆಲ್. ಬಸ್ಸಿಗೆ ಮಾತ್ರ ತೆರೆದದ್ದು ಖಂಡಿತ ಬೇಡ, ನಿಮಗೂ ಕಿರಿಕಿರಿ, ಪಕ್ಕದ ಸೀಟಿನವರಿಗೂ ಕಿರಿಕಿರಿ.

ಆನ್-ಇಯರ್‌ಗಳಲ್ಲಿ ಬಹಳಷ್ಟು ಕಿವಿಯ ಹಾಲೆಯನ್ನು ಹಿಂಡುತ್ತವೆ, ಹಾಗಾಗಿ ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಕಾಸ್ ಕಂಪನಿಯ ಪೋರ್ಟಾ ಪ್ರೋ ಮಾತ್ರ ಬೇರೆ. 1984ರಲ್ಲಿ ಬಂದ ವಿನ್ಯಾಸ ಅದು, ಇವತ್ತಿಗೂ ಹೆಚ್ಚುಕಮ್ಮಿ ಅದೇ ರೂಪದಲ್ಲಿ ಮಾರಾಟದಲ್ಲಿದೆ. ತೆಳುವಾದ ಲೋಹದ ಪಟ್ಟಿ, ಸ್ಪಾಂಜಿನ ಪ್ಯಾಡ್, ಭಾರವೇ ಗೊತ್ತಾಗುವುದಿಲ್ಲ. ಕಿವಿಯ ಮೇಲಿನ ಒತ್ತಡ ಕಡಿಮೆಯಾಗಲಿ ಅಂತ ಕಿವಿಯ ಮೇಲ್ಗಡೆ ತಲೆಗೆ ಆನಿಕೊಳ್ಳುವ ಎರಡು ಮೆತ್ತೆಗಳೂ ಇವೆ. ನಾಲ್ಕು ದಶಕ ದಾಟಿದರೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ ಅಂದರೆ ಕಾರಣ ಇರಲೇಬೇಕು, ಅಲ್ವಾ?

ಕನ್ನಡಕ ಹಾಕುವವರಿಗೆ ಒಂದು ಮಾತು. ಓವರ್-ಇಯರ್ ಪ್ಯಾಡ್ ಮತ್ತು ತಲೆಯ ನಡುವೆ ಕಡ್ಡಿ ಬಂದರೆ ಅಲ್ಲೊಂದು ಸಣ್ಣ ಸಂದಿ ಉಳಿಯುತ್ತದೆ, ಆ ಸಂದಿಯಿಂದ ಬಾಸ್ ಸೋರಿಹೋಗುತ್ತದೆ. ಗಟ್ಟಿ ಪ್ಯಾಡ್‌ಗಿಂತ ಮೆತ್ತನೆಯ, ದಪ್ಪ ಪ್ಯಾಡ್ ಇದಕ್ಕೆ ವಾಸಿ. ಇಲ್ಲವೇ ಇನ್-ಇಯರ್ ಹಿಡಿಯಿರಿ.

ಹಂತ 3: ವೈರ್ ಇರಬೇಕಾ, ಬ್ಲೂಟೂತ್ ಬೇಕಾ?

ಜಾಸ್ತಿ ದುಡ್ಡು ಪೋಲಾಗುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಬ್ಲೂಟೂತ್ ಜೋಡಿಯ ಬೆಲೆಯಲ್ಲಿ ರೇಡಿಯೋ ಚಿಪ್, ಬ್ಯಾಟರಿ, ಚಾರ್ಜಿಂಗ್ ಡಬ್ಬಿ, ಮೈಕ್ ಎಲ್ಲವೂ ಸೇರಿರುತ್ತವೆ. ಅದೇ ಬೆಲೆಯ ವೈರ್ ಜೋಡಿಯಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ಬಜೆಟ್ ಕಡಿಮೆಯಾದಷ್ಟೂ ವೈರ್‌ನ ಪರವಾಗಿ ಲೆಕ್ಕ ವಾಲುತ್ತದೆ. ಇನ್ನೊಂದು, ಆಯಸ್ಸು. ಪುಟ್ಟ ಬ್ಲೂಟೂತ್ ಜೋಡಿಗಳೊಳಗಿನ ಲಿಥಿಯಂ ಬ್ಯಾಟರಿ ಬಹಳ ಚಿಕ್ಕದು, ದಿನಾ ಚಾರ್ಜ್ ಆಗಿ ಖಾಲಿಯಾಗಿ ಎರಡು ಮೂರು ವರ್ಷದಲ್ಲಿ ಅದರ ಕಸುವು ಕುಂದುತ್ತದೆ. ಬಹುತೇಕ ಮಾಡೆಲ್‌ಗಳಲ್ಲಿ ಬ್ಯಾಟರಿ ಬದಲಿಸುವ ದಾರಿಯೂ ಇರುವುದಿಲ್ಲ. ಒಳ್ಳೆಯ ವೈರ್ ಹೆಡ್‌ಫೋನ್ ಹತ್ತು ವರ್ಷ ಬಂದರೂ ಆಶ್ಚರ್ಯವಿಲ್ಲ.

ಅಂದ ಮಾತ್ರಕ್ಕೆ ಬ್ಲೂಟೂತ್ ಬೇಡವೇ ಬೇಡ ಅಂತ ಹೇಳುವುದಿಲ್ಲ. ಅಡುಗೆ ಮಾಡುತ್ತಾ, ಮನೆ ಗುಡಿಸುತ್ತಾ, ವ್ಯಾಯಾಮ ಮಾಡುತ್ತಾ ಕೇಳುವವರಿಗೆ ವೈರ್ ನಿಜವಾಗಿಯೂ ಅಡ್ಡಿ. ಎಲ್ಲೋ ಸಿಕ್ಕಿಕೊಂಡು ಫೋನ್ ನೆಲಕ್ಕೆ ಬಿದ್ದರೆ ಉಳಿಸಿದ ದುಡ್ಡು ಅಲ್ಲೇ ಹೋಯಿತು. ನಿಮ್ಮ ಪಟ್ಟಿಯಲ್ಲಿ ಓಡಾಟವೇ ಜಾಸ್ತಿ ಇದ್ದರೆ ಬ್ಲೂಟೂತ್ ತಗೊಳ್ಳಿ, ಆದರೆ ಈ ಕೆಲವು ವಿಷಯ ತಿಳಿದು ತಗೊಳ್ಳಿ.

ಕೋಡೆಕ್ ಅಂದರೆ ಹಾಡನ್ನು ಸಣ್ಣದಾಗಿ ಕಟ್ಟಿ ಗಾಳಿಯಲ್ಲಿ ಕಳಿಸುವ ವಿಧಾನ. ಹಾಡು ಕೇಳಿಸುವ ಮಾಮೂಲಿ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೆಲ್ಲ ಎಸ್‌ಬಿಸಿ ಎಂಬ ಕೋಡೆಕ್ ಇರಲೇಬೇಕು, ಅದು ನಿಯಮ. ಅದರ ಮೇಲೆ ಎಎಸಿ, ಆಪ್ಟ್‌ಎಕ್ಸ್, ಸೋನಿಯ ಎಲ್‌ಡಿಎಸಿ ಇರಬಹುದು. ಎಲ್‌ಡಿಎಸಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸಬಲ್ಲದು ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ನಿಮ್ಮ ಫೋನ್‌ನಲ್ಲೂ ಅದು ಇದ್ದರೆ ಮಾತ್ರ ಪ್ರಯೋಜನ. ಐಫೋನ್‌ನಲ್ಲಿ ಎಲ್‌ಡಿಎಸಿಯೂ ಇಲ್ಲ, ಆಪ್ಟ್‌ಎಕ್ಸೂ ಇಲ್ಲ, ಎಎಸಿಯೇ ಗತಿ, ಮತ್ತು ಅದು ಸಾಕು. ನನ್ನ ಅನುಭವದಲ್ಲಿ ಕಡಿಮೆ ಬೆಲೆಯ ಜೋಡಿಗಳಲ್ಲಿ ಕೋಡೆಕ್ ಬದಲಿಸಿದಾಗ ಆಗುವ ವ್ಯತ್ಯಾಸಕ್ಕಿಂತ ಕಿವಿಯ ರಬ್ಬರ್ ಟಿಪ್ ಬದಲಿಸಿದಾಗ ಆಗುವ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು. ಬ್ಲೂಟೂತ್ 5.0 ಇದ್ದರೇನು, 5.3 ಇದ್ದರೇನು, ಆ ನಂಬರ್ ನೋಡಿ ಸೌಂಡ್ ಹೇಗಿದೆ ಅಂತ ಹೇಳಲಾಗದು.

ತುಂಬಾ ಜನ ಗಾಬರಿಯಾಗುವ ಇನ್ನೊಂದು ವಿಷಯ ಇದೆ. ಲ್ಯಾಪ್‌ಟಾಪ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತಿರುತ್ತದೆ, ಮೀಟಿಂಗ್ ಶುರುವಾದ ಕ್ಷಣ ಎಲ್ಲವೂ ಹಳೆಯ ಟೆಲಿಫೋನ್ ತರಹ ಆಗಿಬಿಡುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಸಂಪರ್ಕ ಕಾಲ್ ಮೋಡ್‌ಗೆ ಬದಲಾಗುತ್ತದೆ, ಅಲ್ಲಿ ದನಿ ಸ್ಟೀರಿಯೋ ಅಲ್ಲ, ಗುಣಮಟ್ಟವೂ ಕಡಿಮೆ. ಇದಕ್ಕೆ ಸುಲಭದ ಉಪಾಯ: ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಮೈಕ್ ಜಾಗಕ್ಕೆ ಲ್ಯಾಪ್‌ಟಾಪ್‌ನ ಮೈಕನ್ನೇ ಆರಿಸಿ, ಕೇಳಲು ಮಾತ್ರ ಹೆಡ್‌ಫೋನ್ ಇಟ್ಟುಕೊಳ್ಳಿ. ಎಷ್ಟೋ ಸಲ ಎದುರಿನವರಿಗೂ ನಿಮ್ಮ ಮಾತು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಗೇಮ್ ಆಡುವವರು ಗಮನಿಸಿ, ಬ್ಲೂಟೂತ್‌ನಲ್ಲಿ ದನಿ ಸ್ವಲ್ಪ ತಡವಾಗಿ ಬರುತ್ತದೆ. ವಿಡಿಯೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಕೊಳ್ಳುತ್ತವೆ, ಗೇಮ್‌ನಲ್ಲಿ ಅದು ಆಗುವುದಿಲ್ಲ. ವೈರ್‌ಗೆ ಈ ರಗಳೆಯಿಲ್ಲ.

ಫೋನ್‌ನಲ್ಲಿ 3.5 ಮಿಮೀ ಜ್ಯಾಕ್ ಇಲ್ಲದಿದ್ದರೆ ವೈರ್ ಬೇಕೆನ್ನುವವರಿಗೆ ಸಣ್ಣ ಡಾಂಗಲ್ ಸಾಕು, ಅಂದರೆ ಚಾರ್ಜ್ ಮಾಡುವ ತೂತಿಗೆ ಸಿಕ್ಕಿಸಿ ಹೆಡ್‌ಫೋನ್ ಜ್ಯಾಕ್ ಕೊಡುವ ತುಂಡು ವೈರ್. ಇದನ್ನು ತಗೊಳ್ಳುವಾಗ ಒಂದೇ ಒಂದು ಎಚ್ಚರ: ಅದರೊಳಗೆ ಡ್ಯಾಕ್ ಇರಬೇಕು, ಅಂದರೆ ಡಿಜಿಟಲ್ ಸಿಗ್ನಲನ್ನು ದನಿಗೆ ಬದಲಿಸುವ ಚಿಪ್. ಅದಿಲ್ಲದ ಬರೀ ಕನೆಕ್ಟರ್ ತರಹದ ಡಾಂಗಲ್‌ಗಳು ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತವೆ, ಉಳಿದವುಗಳಲ್ಲಿ ಹಾಕಿದರೆ ಸದ್ದೇ ಬರುವುದಿಲ್ಲ. ನೇರವಾಗಿ ಯುಎಸ್‌ಬಿ-ಸಿ ಪಿನ್ ಇರುವ ಇಯರ್‌ಫೋನ್‌ಗಳೂ ಸಿಗುತ್ತವೆ, ಆದರೆ ಡಾಂಗಲ್ ಬೇರೆಯಾಗಿದ್ದರೆ ಒಂದು ಹಾಳಾದರೂ ಇನ್ನೊಂದು ಉಳಿಯುತ್ತದೆ.

ಹಂತ 4: ಡಬ್ಬಿಯ ಮೇಲಿನ ನಂಬರ್‌ಗಳು

20 ಹರ್ಟ್ಜ್‌ನಿಂದ 20,000 ಹರ್ಟ್ಜ್ ಅಂತ ಎಲ್ಲರೂ ಬರೆಯುತ್ತಾರೆ. ಸ್ವರ ಎಷ್ಟು ತಗ್ಗಿನದು, ಎಷ್ಟು ಏರಿದ್ದು ಅನ್ನುವ ಅಳತೆಯೇ ಹರ್ಟ್ಜ್. ಮನುಷ್ಯನ ಕಿವಿಗೆ ಕೇಳಿಸುವ ಮಿತಿ ಹೆಚ್ಚುಕಮ್ಮಿ ಅಷ್ಟೇ, ವಯಸ್ಸಾದಂತೆ ಮೇಲಿನ ತುದಿ ಇನ್ನೂ ಕಡಿಮೆಯಾಗುತ್ತದೆ. ಡಬ್ಬಿ ಹೇಳುವುದು ಆ ಎರಡು ತುದಿಗಳನ್ನು ಮಾತ್ರ, ನಡುವೆ ದನಿ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅನ್ನುವುದನ್ನಲ್ಲ. ನಮಗೆ ಬೇಕಿರುವುದೇ ಆ ನಡುವಿನದು. 40,000 ಹರ್ಟ್ಜ್ ಅಂತ ಬರೆದಿದ್ದರೂ ಅದಕ್ಕಾಗಿ ದುಡ್ಡು ಕೊಡಬೇಡಿ.

ಡ್ರೈವರ್ ಗಾತ್ರವೂ ಹಾಗೇ. 50 ಮಿಮೀ ಡ್ರೈವರ್ 40 ಮಿಮೀಗಿಂತ ಚೆನ್ನಾಗಿರಬೇಕೆಂದಿಲ್ಲ. ಇನ್-ಇಯರ್‌ನಲ್ಲಿ 10 ಮಿಮೀ ಡ್ರೈವರ್ ಒಂದೇ ಇದ್ದು ಸೊಗಸಾಗಿ ಹಾಡುವವೂ ಇವೆ, ನಾಲ್ಕೈದು ಡ್ರೈವರ್ ತುಂಬಿ ಕರ್ಕಶವಾಗಿ ಕೇಳಿಸುವವೂ ಇವೆ.

ಗಮನ ಕೊಡಬೇಕಾದವು ಇಂಪೆಡೆನ್ಸ್ ಮತ್ತು ಸೆನ್ಸಿಟಿವಿಟಿ. ಇಂಪೆಡೆನ್ಸ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ, ಅದರ ಅಳತೆ ಓಮ್. ಸೆನ್ಸಿಟಿವಿಟಿ ಅಂದರೆ ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು. ಇಂಪೆಡೆನ್ಸ್ 16 ಅಥವಾ 32 ಓಮ್ ಇದ್ದು ಸೆನ್ಸಿಟಿವಿಟಿ ಮಿಲಿವ್ಯಾಟಿಗೆ 100 ಡೆಸಿಬಲ್ ಆಸುಪಾಸು ಅಥವಾ ಹೆಚ್ಚಿದ್ದರೆ ಫೋನ್ ಸಲೀಸಾಗಿ ನಡೆಸುತ್ತದೆ. 250, 300 ಓಮ್‌ನ ಸ್ಟುಡಿಯೋ ಜೋಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಫೋನ್‌ನಲ್ಲಿ ಸದ್ದು ಪೀಚಾಗಿ ಬರುತ್ತದೆ, ಆಮೇಲೆ ಸದ್ದಿಗೆ ಬಲ ಕೊಡುವ ಆ್ಯಂಪ್ ಹುಡುಕಬೇಕಾಗುತ್ತದೆ. ಹೋಲಿಸುವಾಗ ಒಂದು ಮೋಸ ಹೋಗುವ ಜಾಗವಿದೆ. ಕೆಲವರು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್ ಲೆಕ್ಕದಲ್ಲಿ ಹೇಳುತ್ತಾರೆ, ಕೆಲವರು ವೋಲ್ಟ್ ಲೆಕ್ಕದಲ್ಲಿ. 32 ಓಮ್‌ನ ಹೆಡ್‌ಫೋನಿಗೆ ಮಿಲಿವ್ಯಾಟಿಗೆ 100 ಡೆಸಿಬಲ್ ಅಂದರೂ ವೋಲ್ಟಿಗೆ 115 ಡೆಸಿಬಲ್ ಅಂದರೂ ಒಂದೇ. ಎರಡನೆಯದು ದೊಡ್ಡದು ಅಂತ ಅಂದುಕೊಳ್ಳಬೇಡಿ.

ಐಪಿಎಕ್ಸ್4 ಅಂದರೆ ನೀರಿನ ಸಿಡಿತ ತಡೆಯುತ್ತದೆ, ಬೆವರಿಗೆ, ತುಂತುರು ಮಳೆಗೆ ಸಾಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ನಡುವಿನ ಎಕ್ಸ್ ಇರುವ ಜಾಗ ಧೂಳಿನದು, ಅಲ್ಲಿ ಎಕ್ಸ್ ಇದ್ದರೆ ಧೂಳಿನ ರೇಟಿಂಗ್ ಕೊಟ್ಟಿಲ್ಲ ಅಂತ ಅರ್ಥ.

ಎಎನ್‌ಸಿ ಬಗ್ಗೆ. ಹೊರಗಿನ ಸದ್ದನ್ನು ಮೈಕ್‌ನಲ್ಲಿ ಹಿಡಿದು ಅದರ ತಿರುಗುಮುರುಗು ಅಲೆಯನ್ನು ಒಳಗೆ ಬಿಟ್ಟು ಎರಡೂ ಒಂದನ್ನೊಂದು ಅಳಿಸುವಂತೆ ಮಾಡುವ ತಂತ್ರ ಅದು. ಎಂಜಿನ್, ಫ್ಯಾನ್, ಎಸಿಯಂಥ ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಮಾತು, ಮಗುವಿನ ಅಳು, ಹಾರ್ನ್, ಇವುಗಳಿಗೆ ಅಷ್ಟಾಗಿ ಇಲ್ಲ. ಅವನ್ನು ತಡೆಯುವುದು ಕಿವಿಯಲ್ಲಿ ಬಿಗಿಯಾಗಿ ಕೂತ ಟಿಪ್. ತೀರಾ ಅಗ್ಗದ ಜೋಡಿಯಲ್ಲಿ ಎಎನ್‌ಸಿಗೆ ದುಡ್ಡು ಕೊಡುವ ಬದಲು ಒಳ್ಳೆಯ ಫೋಮ್ ಟಿಪ್ ತಗೊಂಡರೆ ಆಫೀಸಿನ ಮಾತುಕತೆ ಇನ್ನೂ ಚೆನ್ನಾಗಿ ಕಡಿಮೆಯಾಗುತ್ತದೆ. ದಿನಾ ರೈಲಿನಲ್ಲಿ ಗಂಟೆಗಟ್ಟಲೆ ಹೋಗುವವರಿಗೆ ಮಾತ್ರ ಎಎನ್‌ಸಿ ಬೆಲೆಬಾಳುತ್ತದೆ.

ಹಂತ 5: ರಿವ್ಯೂ ಓದುವಾಗ

ಸ್ಟಾರ್ ಎಣಿಸಬೇಡಿ. ಎರಡು ಮತ್ತು ಮೂರು ಸ್ಟಾರ್ ಕೊಟ್ಟವರ ಮಾತು ಓದಿ. ಐದು ಕೊಟ್ಟವರು ಅವತ್ತೇ ಡಬ್ಬಿ ಒಡೆದ ಖುಷಿಯಲ್ಲಿ ಬರೆದಿರುತ್ತಾರೆ, ಒಂದು ಕೊಟ್ಟವರಿಗೆ ಒಡೆದ ಮಾಲು ಬಂದಿರುತ್ತದೆ. ನಡುವಿನವರು ಆರು ತಿಂಗಳಾದ ಮೇಲೆ ಏನಾಯಿತು ಅಂತ ಹೇಳುತ್ತಾರೆ. ಒಂದು ಬದಿ ಸದ್ದು ನಿಂತಿತು, ಹಿಂಜ್ ಮುರಿಯಿತು, ಪ್ಯಾಡಿನ ರೆಕ್ಸಿನ್ ಸಿಪ್ಪೆ ಎದ್ದಿತು, ಒಂದೇ ದೂರು ನಾಲ್ಕೈದು ಜನರಿಂದ ಬಂದರೆ ಅದನ್ನು ನಂಬಿ.

ಅಳತೆಯ ಗ್ರಾಫ್ ಹಾಕುವವರ ಪುಟ ಸಿಕ್ಕರೆ ಬಿಡಬೇಡಿ, ಓದುವುದು ಅಷ್ಟೇನೂ ಕಷ್ಟವಲ್ಲ. ಎಡಗಡೆ ಬಾಸ್, ನಡುವೆ ಹಾಡುವವರ ದನಿ, ಬಲಗಡೆ ತಾಳ, ಗೆಜ್ಜೆ, ತಂತಿಯ ಚುರುಕು. ಗೆರೆ ನೇರವಾಗಿದ್ದರೆ ಒಳ್ಳೆಯದು ಅಂತ ಅಂದುಕೊಳ್ಳುವುದು ಸಹಜ, ಆದರೆ ಹೆಡ್‌ಫೋನ್‌ಗಳಲ್ಲಿ ಹಾಗಲ್ಲ. ನಮ್ಮ ಹೊರಕಿವಿಯ ಆಕಾರವೇ 3,000 ಹರ್ಟ್ಜ್ ಆಸುಪಾಸಿನ ದನಿಯನ್ನು ಹಿಗ್ಗಿಸುತ್ತದೆ, ಹೆಡ್‌ಫೋನ್‌ನ ಗ್ರಾಫ್‌ನಲ್ಲೂ ಅಲ್ಲೊಂದು ಗುಡ್ಡ ಇರಬೇಕು. ಹರ್ಮನ್ ಕಂಪನಿಯ ಸಂಶೋಧಕರು ಬಹಳಷ್ಟು ಜನರಿಗೆ ಕೇಳಿಸಿ, ಯಾವುದು ಇಷ್ಟ ಅಂತ ಕೇಳಿ ಒಂದು ಮಾದರಿ ಗೆರೆ ರೂಪಿಸಿದ್ದಾರೆ, ಅದನ್ನೇ ಹರ್ಮನ್ ಟಾರ್ಗೆಟ್ ಅನ್ನುವುದು. ಬಹಳಷ್ಟು ಗ್ರಾಫ್‌ಗಳಲ್ಲಿ ಅದು ಚುಕ್ಕೆ ಗೆರೆಯಾಗಿ ಹಿಂದೆ ಕಾಣುತ್ತದೆ. ನಿಮ್ಮ ಹೆಡ್‌ಫೋನಿನ ಗೆರೆ ಅದರ ಹತ್ತಿರ ಹೋದಷ್ಟೂ ಹೆಚ್ಚಿನ ಜನರಿಗೆ ಹಿಡಿಸುವ ಸಾಧ್ಯತೆ ಜಾಸ್ತಿ. ನಿಮಗೆ ಹಿಡಿಸಲೇಬೇಕೆಂದಿಲ್ಲ, ಆದರೆ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಒಂದು ಮಾಡೆಲ್ ಹಿಡಿಸಿದ ಮೇಲೆ ಮೂರು ವಿಷಯ ಪರೀಕ್ಷಿಸಿ. ವೈರ್ ಬಿಚ್ಚಿ ಬೇರೆ ಹಾಕಬಹುದಾ? ಬೇರೆ ಪ್ಯಾಡ್ ಅಥವಾ ಟಿಪ್ ಸಿಗುತ್ತದಾ? ಹಿಡಿಸದಿದ್ದರೆ ವಾಪಸ್ ಕೊಡಲು ಎಷ್ಟು ದಿನ ಇದೆ? ಇನ್-ಇಯರ್‌ಗಳನ್ನು ಕಿವಿಗೆ ಹಾಕಿದ ಮೇಲೆ ಕೆಲವು ಕಡೆ ವಾಪಸ್ ತಗೊಳ್ಳುವುದಿಲ್ಲ, ಅದನ್ನು ಮೊದಲೇ ಓದಿಕೊಳ್ಳಿ.

ಹಂತ 6: ಕೈಗೆ ಬಂದ ಮೇಲೆ

ಇನ್-ಇಯರ್ ಆಗಿದ್ದರೆ ಮೊದಲು ಟಿಪ್. ಡಬ್ಬಿಯಲ್ಲಿ ಮೂರು ಸೈಜು ಇರುತ್ತವೆ, ಹೆಚ್ಚಿನವರು ಹಾಕಿ ಬಂದದ್ದನ್ನೇ ಬಿಟ್ಟುಬಿಡುತ್ತಾರೆ. ಮೂರನ್ನೂ ಹಾಕಿ ನೋಡಿ. ಹಾಕುವ ರೀತಿಯೂ ಇದೆ: ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಕಿವಿಯ ದಾರಿ ನೇರವಾಗುತ್ತದೆ, ಆಗ ಟಿಪ್ಪನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ ಕಿವಿ ಬಿಡಿ. ಸರಿಯಾಗಿ ಕೂತರೆ ಹೊರಗಿನ ಸದ್ದು ತಟ್ಟನೆ ದೂರ ಹೋದಂತಾಗುತ್ತದೆ, ನಿಮ್ಮದೇ ಮಾತು ತಲೆಯೊಳಗೆ ಗುಂಯ್ ಅನ್ನುತ್ತದೆ. ಹಾಡು ಹಾಕಿ ಬೆರಳಿಂದ ಬಹಳ ಹಗುರವಾಗಿ ಒತ್ತಿ ನೋಡಿ. ಒತ್ತಿದಾಗ ಬಾಸ್ ಜಾಸ್ತಿಯಾಯಿತು ಅಂದರೆ ಸೀಲ್ ಸರಿಯಿಲ್ಲ, ಟಿಪ್ಪಿಗೂ ಕಿವಿಗೂ ನಡುವೆ ಸಂದಿ ಇದೆ, ಒಂದು ಸೈಜು ದೊಡ್ಡದು ಹಾಕಿ. ಎರಡು ಕಿವಿಯ ತೂತು ಒಂದೇ ಅಳತೆ ಇರಬೇಕೆಂದಿಲ್ಲ, ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್ ಹಿಡಿಯುತ್ತದೆ. ಬಾಸೇ ಇಲ್ಲ ಅಂತ ವಾಪಸ್ ಹೋಗುವ ಎಷ್ಟೋ ಜೋಡಿಗಳ ಕತೆ ಟಿಪ್ ಬದಲಿಸಿದ್ದರೆ ಮುಗಿಯುತ್ತಿತ್ತು. ನಡೆಯುವಾಗ ವೈರ್ ಬಟ್ಟೆಗೆ ಉಜ್ಜಿ ಟಕಟಕ ಕೇಳಿಸಿದರೆ ಅದನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಿಕೊಳ್ಳಿ.

ಓವರ್-ಇಯರ್ ಆಗಿದ್ದರೆ ಒಂದೂವರೆ ಗಂಟೆ ಬಿಡದೆ ಹಾಕಿಕೊಂಡು ಕೂತುಬಿಡಿ. ಐದು ನಿಮಿಷ ಎಲ್ಲವೂ ಹಿತವಾಗಿಯೇ ಇರುತ್ತವೆ. ನೆತ್ತಿ ನೋಯುತ್ತದಾ, ಕಿವಿಯ ತುದಿ ಒಳಗಿನ ಡ್ರೈವರ್‌ಗೆ ತಾಗುತ್ತದಾ, ಬೆವರುತ್ತದಾ ಅನ್ನುವುದು ಆಮೇಲೆಯೇ ಗೊತ್ತಾಗುವುದು. ಬಿಗಿ ಜಾಸ್ತಿಯಿದ್ದರೆ ಒಂದಷ್ಟು ಪುಸ್ತಕ ಜೋಡಿಸಿ ಅದರ ಮೇಲೆ ರಾತ್ರಿಯಿಡೀ ಹಿಗ್ಗಿಸಿಟ್ಟರೆ ಸಡಿಲವಾಗುತ್ತದೆ. ತಲೆಯ ಅಗಲಕ್ಕಿಂತ ತುಂಬಾ ಜಾಸ್ತಿ ಹಿಗ್ಗಿಸಬೇಡಿ, ಪ್ಲಾಸ್ಟಿಕ್ ಬ್ಯಾಂಡ್ ಆದರೆ ಸೀಳುತ್ತದೆ. ವಾಪಸ್ ಕೊಡುವ ಯೋಚನೆ ಇದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಕೇಳುವ ಪರೀಕ್ಷೆ. ಹೊಸ ಹಾಡು ಬೇಡ, ನೂರು ಸಲ ಕೇಳಿ ಬಾಯಿಪಾಠ ಆಗಿರುವ ಮೂರು ನಾಲ್ಕು ಹಾಡು ಇಟ್ಟುಕೊಳ್ಳಿ. ನಾನು ಮೊದಲು ಕೇಳುವುದು ಒಬ್ಬರೇ ಹಾಡಿದ, ವಾದ್ಯ ಕಡಿಮೆ ಇರುವ ಹಾಡು. ದನಿ ತಲೆಯ ನಟ್ಟನಡುವೆ ನಿಲ್ಲಬೇಕು, ಒಂದು ಬದಿಗೆ ವಾಲಿದರೆ ಎರಡು ಬದಿಯ ಡ್ರೈವರ್ ಸಮನಾಗಿಲ್ಲ ಅಥವಾ ಒಂದು ಕಿವಿಯ ಸೀಲ್ ಸರಿಯಿಲ್ಲ. ಆಮೇಲೆ ಸಾಹಿತ್ಯದಲ್ಲಿ ಬರುವ ಸ, ಶ, ಚ ಅಕ್ಷರಗಳಿಗೆ ಕಿವಿಗೊಡಿ. ಅಗ್ಗದ ಹೆಡ್‌ಫೋನಿನ ಗುಟ್ಟು ರಟ್ಟಾಗುವುದು ಅಲ್ಲೇ. 5,000ದಿಂದ 8,000 ಹರ್ಟ್ಜ್‌ನ ಜಾಗ ಅತಿಯಾಗಿದ್ದರೆ ಪ್ರತಿ "ಸ" ಕೂಡ ಸೂಜಿಯ ಹಾಗೆ ಚುಚ್ಚುತ್ತದೆ, ಮೊದಲ ದಿನ ಅದು "ತುಂಬಾ ಕ್ಲಿಯರ್" ಅನ್ನಿಸಿದರೂ ವಾರ ಕಳೆಯುವಷ್ಟರಲ್ಲಿ ಕಿವಿ ಸೋತುಹೋಗುತ್ತದೆ.

ಬಾಸ್‌ಗೆ ತಬಲಾ ಇರುವ ರೆಕಾರ್ಡಿಂಗ್ ಹಾಕಿ. ಎಡಗೈಯ ದೊಡ್ಡ ತಬಲಾ ಮೇಲೆ ಅಂಗೈ ಜಾರಿಸಿದಾಗ ಸ್ವರ ಬಾಗುತ್ತಾ ಮೇಲೇರುತ್ತದೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಆ ಬಾಗು ಶುರುವಿನಿಂದ ಕೊನೆವರೆಗೆ ಕೇಳುತ್ತದೆ. ಬಾಸ್ ಸುಮ್ನೆ ಉಬ್ಬಿಸಿದ ಜೋಡಿಯಲ್ಲಿ ಬರೀ ಧುಂ ಅಂದು ಮುಗಿಯುತ್ತದೆ, ಪಕ್ಕದಲ್ಲಿದ್ದ ಹಾಡುವವರ ದನಿಯನ್ನೂ ನುಂಗುತ್ತದೆ.

ಎರಡು ಜೋಡಿ ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಸ್ವಲ್ಪವೇ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಗುಣ. ಮತ್ತೆ, ಮೊದಲ ಹಾಡಿಗೇ ತೀರ್ಪು ಕೊಡಬೇಡಿ. ಹಳೆಯ ಜೋಡಿಗೆ ಒಗ್ಗಿದ ಕಿವಿಗೆ ಹೊಸದು ವಿಚಿತ್ರವಾಗಿ ಕೇಳುತ್ತದೆ. ಮೂರು ದಿನ ಅದೊಂದನ್ನೇ ಬಳಸಿ ಹಳೆಯದಕ್ಕೆ ವಾಪಸ್ ಹೋಗಿ, ಆಗ ವ್ಯತ್ಯಾಸ ಎದ್ದು ಕಾಣುತ್ತದೆ. ನೂರು ಗಂಟೆ ಓಡಿಸಿದರೆ ಹೆಡ್‌ಫೋನ್ ತಾನಾಗಿ ಚೆನ್ನಾಗುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನು ನಂಬಿ ವಾಪಸ್ ಕೊಡುವ ದಿನ ದಾಟಿಸಬೇಡಿ.

ಹಂತ 7: ಸ್ವಲ್ಪ ತಿದ್ದಿಕೊಳ್ಳಿ

ಆರಾಮಾಗಿ ಕೂರುತ್ತದೆ, ದನಿ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ ಅಂದರೆ ಆ ಜೋಡಿಯನ್ನು ಇಟ್ಟುಕೊಳ್ಳಿ. ದನಿಯನ್ನು ಈಕ್ವಲೈಜರ್‌ನಲ್ಲಿ (ತಗ್ಗಿನ, ನಡುವಿನ, ಏರಿದ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್) ತಿದ್ದಬಹುದು, ನೋವನ್ನು ತಿದ್ದಲಾಗದು. ಆಟೋಇಕ್ಯೂ ಎಂಬ ಉಚಿತ ಯೋಜನೆ ಸಾವಿರಾರು ಹೆಡ್‌ಫೋನ್‌ಗಳಿಗೆ ಸಿದ್ಧ ಸೆಟ್ಟಿಂಗ್ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಆ್ಯಪ್ ಅದನ್ನೇ ಬಳಸುತ್ತದೆ, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಇದೆ. ಕೈಯಾರೆ ತಿದ್ದುವುದಾದರೆ ಏರಿಸುವುದಕ್ಕಿಂತ ಇಳಿಸುವುದು ಒಳ್ಳೆಯದು: ಬಾಸ್ ಕಡಿಮೆ ಅನ್ನಿಸಿದರೆ ಉಳಿದದ್ದನ್ನು ಎರಡು ಮೂರು ಡೆಸಿಬಲ್ ಇಳಿಸಿ ವಾಲ್ಯೂಮ್ ಸ್ವಲ್ಪ ಏರಿಸಿ, ದನಿ ಒಡೆಯುವುದಿಲ್ಲ.

ಹಂತ 8: ಕಿವಿಯೂ ಉಳಿಯಲಿ, ಜೋಡಿಯೂ ಉಳಿಯಲಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. 90 ಡೆಸಿಬಲ್‌ಗೆ ಹೋದರೆ ಅದೇ ಮಿತಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಹತ್ತೇ ಡೆಸಿಬಲ್, ಹತ್ತನೇ ಒಂದು ಪಾಲು ಸಮಯ. ಕಿವಿಯೊಳಗಿನ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಫೋನಿನ ವಾಲ್ಯೂಮನ್ನು 60 ಪ್ರತಿಶತದ ಒಳಗೇ ಇಟ್ಟುಕೊಳ್ಳಿ. ಶಾಂತವಾದ ಕೋಣೆಯಲ್ಲಿ ವಾಲ್ಯೂಮ್ ಇಟ್ಟು ಆಮೇಲೆ ಬಸ್ಸು ಹತ್ತಿ, ಅಲ್ಲಿ ಏರಿಸಬೇಕು ಅನ್ನಿಸಿದರೆ ಬೇಕಿರುವುದು ಇನ್ನಷ್ಟು ವಾಲ್ಯೂಮ್ ಅಲ್ಲ, ಇನ್ನೂ ಒಳ್ಳೆಯ ಸೀಲ್.

ವೈರ್ ಹಾಳಾಗುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ. ಎಳೆಯುವಾಗ ವೈರ್ ಹಿಡಿದು ಎಳೆಯಬೇಡಿ, ಪಿನ್ ಹಿಡಿಯಿರಿ. ಫೋನಿಗೆ ಬಿಗಿಯಾಗಿ ಸುತ್ತಿ ಜೇಬಿಗೆ ತುರುಕಬೇಡಿ, ಮೂರು ಬೆರಳಿಗೆ ಸಡಿಲವಾಗಿ ಸುತ್ತಿ ಪುಟ್ಟ ಚೀಲಕ್ಕೆ ಹಾಕಿಡಿ. ಬ್ಲೂಟೂತ್ ಜೋಡಿಯನ್ನು ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಒಂದು ದಿನ ಇದ್ದಕ್ಕಿದ್ದಂತೆ ಒಂದು ಬದಿಯ ಸದ್ದು ಕಡಿಮೆಯಾದರೆ ಹೊಸದು ಹುಡುಕಲು ಹೊರಡಬೇಡಿ. ಟಿಪ್ ತೆಗೆದು ಬೆಳಕಿಗೆ ಹಿಡಿದು ಅದರ ಬಾಯಿಯ ಜಾಲರಿ ನೋಡಿ, ಎಷ್ಟೋ ಸಲ ಅಲ್ಲಿ ಕಿವಿಯ ಗುಗ್ಗೆ ಮೆತ್ತಿಕೊಂಡಿರುತ್ತದೆ. ಜಾಲರಿಯನ್ನು ನೆಲದ ಕಡೆ ತಿರುಗಿಸಿ ಹಿಡಿದು, ಒಣಗಿದ ಮೆತ್ತನೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಕಸ ಕೆಳಗೆ ಬೀಳುತ್ತದೆ. ನೀರು ಬೇಡ, ಪಿನ್ನಿನಿಂದ ಚುಚ್ಚುವುದೂ ಬೇಡ.